ಹುಳ ತಿಂದ ಎಲೆಯ ಸೀರೆ

ನಮ್ಮೂರಿನಲ್ಲಿ ಹುಳ ಬಂದು ಕೂರದ ಚಿತ್ರವನ್ನು ಎರಡನೇ ಸೀರೆಗೆ ಒತ್ತುವುದಿಲ್ಲ. ಮರದ ಅಚ್ಚಿನಿಂದ ಮೊದಲನೆಯ ಸೀರೆಗೆ ಒತ್ತಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಒತ್ತಿ, ಒಣಗಿಸಿ, ಬಿಸಿಲೇರುವ ಮುಂಚೆ ತೂಗುಕಟ್ಟೆಗೆ ತಂದು ಎರಡು ಬೇವಿನ ಮರಗಳ ನಡುವಿನ ಹಗ್ಗಕ್ಕೆ ಹಾಕಬೇಕು. ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಒಂದು ಹುಳವಾದರೂ ತಾನಾಗಿ ಬಂದು ಚಿತ್ರದ ಮೇಲೆ ಕೂತರೆ ಅಚ್ಚು ಪಾಸಾಯಿತು. ಕೂರದಿದ್ದರೆ ಆ ಅಚ್ಚನ್ನು ಮನೆಗೊಯ್ದು ಒಲೆಗೆ ಹಾಕಬಹುದು, ಇಲ್ಲವೇ ಮಣೆ ಮಾಡಿಕೊಂಡು ಅದರ ಮೇಲೆ ಕೂತು ಊಟ ಮಾಡಬಹುದು. ಈ ಪದ್ಧತಿ ಯಾವಾಗ ಶುರುವಾಯಿತೆಂದು ಯಾರೂ ಕೇಳಿದ್ದಿಲ್ಲ. ಹುಳಗಳಿಗೆ ಚಿತ್ರ ತಿಳಿಯುತ್ತದೆ ಎಂಬುದು ನಮಗೆ ನೀರು ಇಳಿಜಾರಿಗೆ ಹರಿಯುತ್ತದೆ ಎಂಬಷ್ಟೇ ಸಹಜ.

ಹಾಗಾಗಿ ನಮ್ಮ ಹಿತ್ತಿಲುಗಳನ್ನು ಪರಸ್ಥಳದವರು ನೋಡಿದರೆ ಈ ಜನಕ್ಕೆ ಕಳೆ ಕೀಳುವಷ್ಟೂ ಮೈ ಬಗ್ಗುವುದಿಲ್ಲ ಎಂದುಕೊಳ್ಳುತ್ತಾರೆ. ಉತ್ತರಾಣಿ, ತುಂಬೆ, ಎಕ್ಕ, ಕಾಕಿಗಿಡ, ಯಾರೂ ಹೆಸರಿಡದ ಹಳದಿ ಹೂವಿನ ಬಳ್ಳಿ, ಎಲ್ಲ ಸೊಂಟದೆತ್ತರ ಬೆಳೆದು ಅಡಿಗೆಮನೆಯೊಳಗೆ ಇಣುಕುತ್ತಿರುತ್ತವೆ. ಹೆಣ್ಣು ನೋಡಲು ಬಂದವರು ಮೊದಲು ಹಿತ್ತಿಲಿಗೆ ಹೋಗಿ ಎಷ್ಟು ಬಗೆಯ ಪಾತರಗಿತ್ತಿಗಳಿವೆ ಎಂದು ನೋಡಿಕೊಂಡು ಆಮೇಲೆ ಅವಲಕ್ಕಿ ತಟ್ಟೆಗೆ ಕೈ ಹಾಕುತ್ತಾರೆ. ಕಂಬಳಿಹುಳ ರಸ್ತೆ ದಾಟುತ್ತಿದ್ದರೆ ಗಾಡಿಗಳು ನಿಲ್ಲುತ್ತವೆ. ಹಿಂದಿನವರು ಬೈಯುವುದಿಲ್ಲ, ಇಳಿದು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ನಮ್ಮ ಓಣಿಯ ಒಂದು ಮನೆಯವರು ಕಮಲ ಬಿಡಿಸಲಿ, ನವಿಲು ಬಿಡಿಸಲಿ, ಮಿಡತೆಯೇ ಬಂದು ಕೂರುತ್ತಿತ್ತು. ಅವರ ಮಕ್ಕಳನ್ನು ಶಾಲೆಯ ಮಾಸ್ತರರು ಹಾಜರಿ ಕರೆಯುವಾಗಲೂ ಮಿಡತಿ ಎಂದೇ ಕರೆಯುತ್ತಿದ್ದರು. ನೊಣದ ವಿಷಯದಲ್ಲಿ ಮಾತ್ರ ದೊಡ್ಡ ತಕರಾರಿತ್ತು. ನೊಣ ಎಲ್ಲದರ ಮೇಲೂ ಕೂರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಒಂದು ಪಂಗಡ. ಅದಕ್ಕೂ ಕಣ್ಣಿವೆ ಎಂದು ಇನ್ನೊಂದು. ಕೊನೆಗೆ ಬೆಲ್ಲದ ಗಾಣ ನಡೆಯುವ ತಿಂಗಳುಗಳಲ್ಲಿ ನೊಣ ನಡೆಯದು, ಉಳಿದ ತಿಂಗಳುಗಳಲ್ಲಿ ನಡೆಯುತ್ತದೆ ಎಂದು ತೀರ್ಮಾನವಾಯಿತು.

ನನ್ನ ಹೆಸರು ತಿರಕಪ್ಪ. ತೂಗುಕಟ್ಟೆಯ ನೋಟದವನಾಗಿದ್ದೆ, ನಮ್ಮಪ್ಪನೂ ಅದೇ ಕಲ್ಲಿನ ಮೇಲೆ ಕೂತು ಕಣ್ಣು ಮಂಜು ಮಾಡಿಕೊಂಡವನು. ಸೀರೆ ಹಗ್ಗಕ್ಕೆ ಬಿದ್ದ ಗಳಿಗೆಯಿಂದ ನೋಟದವನು ಅದರಿಂದ ಕಣ್ಣು ತೆಗೆಯುವಂತಿಲ್ಲ. ಹುಳವನ್ನು ಕರೆಯುವಂತಿಲ್ಲ, ಓಡಿಸುವಂತಿಲ್ಲ. ಕಟ್ಟೆಯ ಮುಂದಿನ ಕಂಬದ ನೆರಳು ಬುಡಕ್ಕೆ ಬಂದಾಗ ಎದ್ದು, ಹಿತ್ತಾಳೆ ಗಂಟೆ ಹೊಡೆದು, ‘ಕುಂತೈತಿ’ ಇಲ್ಲವೇ ‘ಕುಂತಿಲ್ಲ’ ಎಂದು ಸಾರಬೇಕು. ಊರಿಗೆ ಮಧ್ಯಾಹ್ನವಾಗುವುದು ಆ ಗಂಟೆಯಿಂದಲೇ. ಅದು ಕೇಳುವವರೆಗೆ ಯಾರೂ ಊಟಕ್ಕೆ ಏಳುವುದಿಲ್ಲ. ಹತ್ತೊಂಬತ್ತು ವರ್ಷ ಹಾಗೆ ಕೂತು ನೋಡಿದವನಿಗೆ ಹುಳಗಳ ರೀತಿನೀತಿ ತಿಳಿದುಬಿಡುತ್ತದೆ. ಕಣಜ ಕೂರುವ ಮುಂಚೆ ಕಾಲು ಇಳಿಬಿಡುತ್ತದೆ. ಪಾತರಗಿತ್ತಿ ಮೂರು ಸಲ ಕೂತಂತೆ ಮಾಡಿ ನಾಲ್ಕನೆಯ ಸಲ ಕೂರುತ್ತದೆ. ಜೀರುಂಡೆ ಕೂರುವುದಿಲ್ಲ, ಬೀಳುತ್ತದೆ. ಹೆಂಡತಿ ತೀರಿಕೊಂಡ ಮೇಲೆ ನನಗೆ ಮನೆಗಿಂತ ಆ ಕಲ್ಲೇ ಹಿತವಾಗಿತ್ತು.

ಹಂಪವ್ವ ಅಚ್ಚಿನ ಮನೆಯ ವಿರುಪಣ್ಣನ ತಂಗಿ. ವಯಸ್ಸು ನಲವತ್ತು ದಾಟಿತ್ತು, ಮದುವೆಯ ಗೊಡವೆಗೆ ಹೋಗಿರಲಿಲ್ಲ. ಸಾಗವಾನಿಯ ತುಂಡಿನ ಮೇಲೆ ಅವಳ ಉಳಿ ಓಡುವುದನ್ನು ನೋಡಲು ಜನ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಅವಳು ಕೊರೆದ ಮಲ್ಲಿಗೆಯ ಎಸಳುಗಳನ್ನು ದಾರ ಹಿಡಿದು ಅಳೆದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ಎಲೆಯ ಎಡಕ್ಕೆ ಎಷ್ಟು ನರವೋ ಬಲಕ್ಕೂ ಅಷ್ಟೇ. ಅಂಥ ಕೈ ಊರಿನಲ್ಲಿ ಇನ್ನೊಂದಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಹುಳಗಳು ಒಪ್ಪಲಿಲ್ಲ. ಏಳು ವರ್ಷಗಳಲ್ಲಿ ಅವಳು ಹತ್ತು ಸೀರೆ ತಂದು ತೂಗುಹಾಕಿದಳು, ಹತ್ತು ಸಲವೂ ‘ಕುಂತಿಲ್ಲ’ ಎಂದು ಸಾರಿದವನು ನಾನೇ. ಹತ್ತನೆಯ ಸಲ ಒಂದು ನೊಣ, ನಡೆಯುವ ತಿಂಗಳಿನ ನೊಣವೇ, ನೆಟ್ಟಗೆ ಅವಳ ಸೀರೆಯ ಸೆರಗಿನ ಕಡೆ ಬಂತು. ಗೇಣು ದೂರದಲ್ಲಿ ಗಾಳಿಯಲ್ಲೇ ನಿಂತಿತು. ಆಮೇಲೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವರ ಹಾಗೆ ತಟ್ಟನೆ ತಿರುಗಿ ಹೋಯಿತು. ಹಂಪವ್ವ ನಕ್ಕಳು. ನಗುತ್ತಲೇ ಸೀರೆ ಮಡಿಚಿದಳು, ಆದರೆ ಮಡಿಕೆ ಸರಿಬಾರದೆ ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಮಡಿಚಿದಳು. ನಾನು ಗಂಟೆಯ ಹಗ್ಗ ಹಿಡಿದುಕೊಂಡು ನಿಂತೇ ಇದ್ದೆ. ಅವತ್ತಿನಿಂದ ನನಗೆ ಏನೋ ಆಗಿಬಿಟ್ಟಿತು. ಬೇರೆ ಯಾರದೋ ಸೀರೆ ನೋಡಲು ಹೊರಟ ದಿನವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದೆ.

ಹನ್ನೊಂದನೆಯ ಸೀರೆಯ ಹೊತ್ತಿಗೆ ವಿರುಪಣ್ಣನ ಮನೆಗೆ ಸೊಸೆ ಬಂದಿದ್ದಳು. ಆ ಹುಡುಗಿ ಬಂದ ತಿಂಗಳಲ್ಲೇ ಅವಳು ಅರೆನಿದ್ದೆಯಲ್ಲಿ ಗೀಚಿದಂತೆ ಕೊರೆದ ಒಂದು ಬಳ್ಳಿಯ ಮೇಲೆ ಏಳು ಜೇನ್ನೊಣ ಕೂತಿದ್ದವು. ವಿರುಪಣ್ಣ ಕೆಟ್ಟವನಲ್ಲ. ಆದರೆ ಮನೆಯಲ್ಲಿದ್ದ ಒಳ್ಳೆಯ ಉಳಿಗಳು ಒಂದೇ ಕಟ್ಟು, ಅವನ ಅಜ್ಜನ ಕಾಲದವು. ಈ ಸಲವೂ ಆಗದಿದ್ದರೆ ಉಳಿಗಳು ಸೊಸೆಗೆ, ಹಂಪವ್ವ ಬಣ್ಣದ ಬಟ್ಟೆ ಜಾಲಿಸುವ ಕೆಲಸಕ್ಕೆ ಎಂದು ಅವನು ಎಲ್ಲರ ಮುಂದೆ ಹೇಳಿಬಿಟ್ಟ. ಆ ಮಾತು ನನ್ನ ಕಿವಿಗೆ ಬಿದ್ದ ದಿನ ನಾನು ಊರ ಹೊರಗಿನ ತೊಟ್ಟಿಬಯಲಿಗೆ ಹೋಗಿ, ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆ ಇರುವ ಗುಲಗಂಜಿ ಹುಳವೊಂದನ್ನು ಹಿಡಿದು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದೆ. ನಮ್ಮಪ್ಪ ಇದ್ದಿದ್ದರೆ ಅದೇ ಗಂಟೆಯಿಂದ ನನ್ನ ತಲೆಗೆ ಹೊಡೆಯುತ್ತಿದ್ದ.

ಮರುದಿನ ನೆರಳು ಇನ್ನೆರಡು ಬೆರಳಿದೆ ಎನ್ನುವಾಗಲೂ ಸೀರೆ ಬರಿದಾಗಿತ್ತು. ವಿರುಪಣ್ಣ ಚಹಾ ಕುಡಿಯಲು ಹೋಗಿದ್ದ, ಹಂಪವ್ವ ಬೇವಿನ ಬೊಡ್ಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ನಾನು ಹಗ್ಗ ಸರಿಮಾಡುವವನಂತೆ ಎದ್ದು, ಪೊಟ್ಟಣ ತೆರೆದು, ಹುಳವನ್ನು ಅವಳ ಕಮಲದ ನಟ್ಟನಡುವೆ ಬಿಟ್ಟು ಬಂದು ಕೂತೆ. ಅದು ಕೂತಿತು. ನಾನು ಕೆಮ್ಮಿದೆ. ಹಂಪವ್ವ ಕಣ್ಣು ಬಿಟ್ಟಳು, ನೋಡಿದಳು, ಒಂದು ಹೆಜ್ಜೆ ಮುಂದೆ ಬಂದಳು. ಆ ಮುಖವನ್ನು ನಾನು ಹೇಗೆ ಹೇಳಲಿ? ಏಳು ವರ್ಷದ ದಣಿವು ಸೋಪಿನ ನೊರೆಯ ಹಾಗೆ ಇಳಿದುಹೋಗಿ ಒಳಗಿನಿಂದ ಒಬ್ಬ ಸಣ್ಣ ಹುಡುಗಿ ಹೊರಗೆ ಬಂದಂತಿತ್ತು. ಅದೇ ಗಳಿಗೆಯಲ್ಲಿ ಅವಳ ಕಣ್ಣು ನನ್ನ ಕೈಯಲ್ಲಿ ಅರ್ಧ ತೆರೆದಿದ್ದ ಬೆಂಕಿಪೊಟ್ಟಣದ ಮೇಲೆ ಬಿತ್ತು. ಅವಳು ಹುಳವನ್ನು ಬೆರಳಿಗೆ ಹತ್ತಿಸಿಕೊಂಡು ಬಂದು ನನ್ನ ಅಂಗೈಯಲ್ಲಿ ಇಳಿಸಿದಳು.

“ಎಲ್ಲಿಂದ ತಂದೀರಿ, ಅಲ್ಲೇ ಬಿಟ್ಟು ಬರ್ರಿ,” ಎಂದಳು. “ನನ್ನ ಸೀರಿ ಮ್ಯಾಲ ಹುಳ ಕುಂಡ್ರಬೇಕು. ನಿಮ್ಮ ಕರುಣಾ ಕುಂಡ್ರೋದು ಬ್ಯಾಡ ನನಗ.”

ನಾನು ಗಂಟೆ ಹೊಡೆದು ‘ಕುಂತಿಲ್ಲ’ ಎಂದೆ. ಊರು ಊಟಕ್ಕೆ ಹೋಯಿತು. ನಾನು ಬೆಂಕಿಪೊಟ್ಟಣ ಹಿಡಿದುಕೊಂಡು ತೊಟ್ಟಿಬಯಲಿನ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ ಹಿಂದೆ ಹೆಜ್ಜೆಯ ಸಪ್ಪಳ. ತಿರುಗಿ ನೋಡಿದರೆ ಹಂಪವ್ವ, ಮಡಿಚಿದ ಸೀರೆ ಕಂಕುಳಲ್ಲಿ. ನೀವು ಖರೇನೇ ಬಿಡುತ್ತೀರೋ ಇಲ್ಲವೋ ನೋಡಲು ಬಂದೆ ಎಂದಳು. ನಾನು ಮುಂದೆ, ಅವಳು ಹತ್ತು ಮಾರು ಹಿಂದೆ, ಕಳ್ಳ ಮತ್ತು ಪೊಲೀಸರ ಹಾಗೆ ನಡೆದೆವು.

ತೊಟ್ಟಿಬಯಲು ಎಂದರೆ ಹಳೆಯ ಕಾಲದಲ್ಲಿ ನೀಲಿ ಕುದಿಸುತ್ತಿದ್ದ ತೊಟ್ಟಿಗಳು ಬಿರುಕು ಬಿಟ್ಟು ಬಿದ್ದಿರುವ ಜಾಗ. ಊರಿನ ಬಣ್ಣದ ನೀರೆಲ್ಲ ಹರಿದು ಅಲ್ಲಿಗೇ ಹೋಗುತ್ತಿತ್ತು. ಯಾರ ಹಿತ್ತಿಲೂ ಅಲ್ಲದ್ದರಿಂದ ಯಾರ ಹಿತ್ತಿಲಿನಲ್ಲೂ ಇಲ್ಲದ್ದೆಲ್ಲ ಅಲ್ಲಿ ಬೆಳೆದಿತ್ತು. ಹುಲ್ಲಿನ ಬುಡ ತುಸು ನೀಲಿಯಾಗಿರುತ್ತಿತ್ತು. ಹಂಪವ್ವ ಹುಟ್ಟಿ ಬೆಳೆದ ಊರಾದರೂ ಅಲ್ಲಿಗೆ ಕಾಲಿಟ್ಟವಳಲ್ಲ. ಅವಳ ಹೂವುಗಳು ಅಜ್ಜನ ಅಚ್ಚಿನಿಂದ ಬಂದವು, ಅಜ್ಜನವು ಅವನ ಅಜ್ಜನ ಅಚ್ಚಿನಿಂದ. ನಾನು ಕೂತು ಪೊಟ್ಟಣ ತೆರೆದೆ. ಹುಳ ಮೀಸೆ ಒರೆಸಿಕೊಂಡು ಒಂದು ಕಾಡುಹಾಗಲದ ಎಲೆ ಹತ್ತಿತು. ಆ ಎಲೆಯನ್ನು ಹುಳಗಳು ಎಷ್ಟು ತಿಂದಿದ್ದವೆಂದರೆ ನರ ಮಾತ್ರ ಉಳಿದು ಬಲೆಯಂತಾಗಿತ್ತು. ಅದರೊಳಗಿನಿಂದ ಬಿಸಿಲು ನೆಲದ ಮೇಲೆ ಕಸೂತಿ ಹಾಕುತ್ತಿತ್ತು. ಹಂಪವ್ವ ಬಗ್ಗಿದಳು. ಆಮೇಲೆ ಕೂತೇಬಿಟ್ಟಳು. ಈ ಎಲೆಗೆ ಏನಾಗಿದೆ ಎಂದು ಕೇಳಿದಳು. ತಿಂದಿದ್ದಾವೆ ಎಂದೆ. ಎಲ್ಲ ಎಲೆಯೂ ಹೀಗೇ ಇರುತ್ತದೆಯೇ ಎಂದಳು.

“ಹತ್ತೊಂಬತ್ತು ವರ್ಷದಾಗ ತೂತಿಲ್ಲದ ಎಲಿ ನಾ ಒಂದೂ ನೋಡಿಲ್ರಿ,” ಎಂದೆ. “ನಿಮ್ಮ ಸೀರಿ ಮ್ಯಾಲಿನವು ಬಿಟ್ಟು.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಗರಕ್ಕನೆ ತಿರುಗಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ನ್ಯಾಯವೇ ಎಂದೂ ಅನ್ನಿಸಿತು. ಅವಳು ಕಂಕುಳಲ್ಲಿದ್ದ ಸೀರೆಯನ್ನು ಬಿಚ್ಚಿ ಆ ಎಲೆಯ ಪಕ್ಕದಲ್ಲಿ ಹಿಡಿದಳು, ಒಮ್ಮೆ ಇದನ್ನು ನೋಡಿದಳು, ಒಮ್ಮೆ ಅದನ್ನು. ಆಮೇಲೆ ನಗಲು ಶುರುಮಾಡಿದಳು. ತನ್ನ ಎಲೆಗಳು ಕಬ್ಬಿಣದ ತಗಡಿನಲ್ಲಿ ಮಾಡಿದಂತಿವೆ, ಪಾಪ ಆ ನೊಣ ಹೆದರಿ ಓಡಿದ್ದರಲ್ಲಿ ತಪ್ಪೇನು ಎನ್ನುತ್ತ ನಕ್ಕಳು. ನಕ್ಕು ನಕ್ಕು ಹಿಂದಕ್ಕೆ ಒರಗಿದಳು; ಒರಗಿದ್ದು ಗೊದ್ದದ ಇರುವೆಗಳ ಗೂಡಿನ ಮೇಲೆ, ಹಾಗಾಗಿ ಬೇಗನೇ ಎದ್ದಳು.

ಅವಳು ಅಣ್ಣನ ಬಳಿ ಮುಂದಿನ ಹುಣ್ಣಿವೆಯವರೆಗೆ ಉಳಿಗಳನ್ನು ಬೇಡಿಕೊಂಡಳು. ಉಳಿ ಮುಟ್ಟಿದ್ದು ಮಾತ್ರ ಹದಿನೈದು ದಿನ ಕಳೆದ ಮೇಲೆ. ಅಲ್ಲಿಯವರೆಗೆ ದಿನವೂ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ತೊಟ್ಟಿಬಯಲಿಗೆ ಹೋಗಿ ಬೋರಲಾಗಿ ಮಲಗುವಳು. ನಾನು ಗಂಟೆ ಹೊಡೆದದ್ದೇ ತಡ, ಊಟ ಬಿಟ್ಟು ಓಡುತ್ತಿದ್ದೆ. ಮೊದಲ ದಿನ ನಾನು ತೋರಿಸಿದೆ, ಎರಡನೆಯ ದಿನ ಇಬ್ಬರೂ ತೋರಿಸಿಕೊಂಡೆವು, ಮೂರನೆಯ ದಿನದಿಂದ ಅವಳೇ ನನಗೆ ತೋರಿಸತೊಡಗಿದಳು. ಎಲೆಯ ಅಂಚಿನಿಂದ ಬಳೆ ಇಟ್ಟು ಗೆರೆ ಎಳೆದಂತೆ ಅರ್ಧಚಂದ್ರ ಕತ್ತರಿಸಿ ಒಯ್ಯುವ ಜೇನು. ಕಿತ್ತುಹೋದ ಪಾತರಗಿತ್ತಿಯ ರೆಕ್ಕೆಯನ್ನು ಹಾಯಿಯಂತೆ ಎತ್ತಿ ಹಿಡಿದು ಹೋಗುವ ಇರುವೆಗಳು, ಗಾಳಿ ಬಂದಾಗ ರೆಕ್ಕೆಯೇ ಅವುಗಳನ್ನು ಎಳೆದುಕೊಂಡು ಹೋಗುವುದು. ಒಂದು ದಿನ ಅವಳು ನನ್ನ ತೋಳು ಹಿಡಿದು ಎಳೆದು ಒಂದು ಎಲೆ ತೋರಿಸಿದಳು. ಎಲೆಯ ಎರಡು ಪದರಗಳ ನಡುವೆ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳವೊಂದು ಕೊರೆಯುತ್ತ ಹೋಗಿ ಬಿಳಿ ಗೆರೆ ಬಿಟ್ಟಿತ್ತು. ಸೂಜಿಮೊನೆಯಷ್ಟಿದ್ದ ಗೆರೆ ಸುತ್ತಿ ಬಳಸಿ ಹೋಗುತ್ತ ಹೋಗುತ್ತ ದಪ್ಪವಾಗಿ, ಕೊನೆಗೆ ಒಂದು ತೂತಿನಲ್ಲಿ ಮುಗಿದಿತ್ತು.

“ನೋಡ್ರಿ, ಅದು ದೊಡ್ಡದಾದಂಗ ಗೆರಿನೂ ದೊಡ್ಡದಾಗೇತಿ,” ಎಂದಳು. “ತನ್ನ ವಯಸ್ಸು ತಾನ ಬರದು ಹಾರಿ ಹೋಗೇತಿ.”

ಅವಳಿಗೆ ಹುಚ್ಚೇ ಹಿಡಿದಂತಾಗಿತ್ತು, ನನಗೆ ಅದು ಅಂಟಿತ್ತು. ಅವಳ ಜಡೆಯಲ್ಲಿ ಉತ್ತರಾಣಿ ಮುಳ್ಳು, ಮೊಣಕೈಯಲ್ಲಿ ನೀಲಿ ಮಣ್ಣು. ಅರ್ಧ ಮಾತು ಆಡಿ, ಇನ್ನೊಂದು ಹುಳ ಕಂಡು, ಇನ್ನರ್ಧವನ್ನು ಅಲ್ಲೇ ಬಿಟ್ಟು ತೆವಳಿಕೊಂಡು ಹೋಗುವಳು. ಊರಿನವರು ದಾರಿಯಲ್ಲಿ ನಿಂತು, ಪೊದೆಯಿಂದ ಹೊರಗೆ ಚಾಚಿಕೊಂಡಿದ್ದ ನಮ್ಮ ನಾಲ್ಕು ಪಾದಗಳನ್ನು ನೋಡಿ ನಗುತ್ತಿದ್ದರು. ಹಂಪವ್ವನನ್ನು ಕರೆದುಕೊಂಡು ಹೋಗಲು ಬಂದ ವಿರುಪಣ್ಣನ ಸೊಸೆ ಒಂದು ಗಂಟೆಯಾದರೂ ಹಿಂದಿರುಗದಿದ್ದಾಗ ಅವಳನ್ನು ಕರೆಯಲು ಇನ್ನೊಬ್ಬರು ಬರಬೇಕಾಯಿತು.

ಆಮೇಲೆ ಹದಿಮೂರು ದಿನ ಹಂಪವ್ವ ಬಾಗಿಲು ಹಾಕಿಕೊಂಡು ಕೊರೆದಳು. ಒಂದು ಸೀರೆಗೆ ಮೂರು ಅಚ್ಚು ಸಾಕು ಎಂಬುದು ನಮ್ಮ ಕಡೆಯ ಕ್ರಮ. ಅವಳು ಇಪ್ಪತ್ಮೂರು ಕೊರೆದಳು. ಒಂದು ಎಲೆ ಇನ್ನೊಂದರಂತೆ ಇಲ್ಲದಿರುವಾಗ ಕಡಿಮೆ ಮಾಡುವುದು ಹೇಗೆ ಎಂದು ಅಣ್ಣನನ್ನೇ ಕೇಳಿದಳಂತೆ. ಹುಣ್ಣಿವೆಯ ಹಿಂದಿನ ದಿನ ಬೆಳಿಗ್ಗೆ ಅವಳು ಹಗ್ಗಕ್ಕೆ ಹಾಕಿದ ಸೀರೆ ನೋಡಿ ನೆರೆದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಹಸಿರು ಎಲೆಗಳ ದಟ್ಟಣೆ, ಆದರೆ ಒಂದಕ್ಕೂ ನೆಟ್ಟಗಿನ ಅಂಚಿಲ್ಲ. ತಿಂದದ್ದು, ಮುದುಡಿದ್ದು, ಬಿಳಿ ಗೆರೆ ಹರಿದದ್ದು, ಕೆಳಗೆ ಗುಂಡಿಯಂತೆ ಸಾಲಾಗಿ ಮೊಟ್ಟೆ ಅಂಟಿದ್ದು. ಅಂಗಡಿಯಿಂದ ತರುವ ಮೊದಲೇ ಇಲಿ ಕಡಿದ ಸೀರೆಯನ್ನು ಯಾರು ಉಡುತ್ತಾರೆ ಎಂದು ಒಬ್ಬಳು ಕೇಳಿದಳು. ಸುದ್ದಿ ಹರಡಿ ಊರೇ ಬಂತು. ಅಚ್ಚಿನ ಪಂಚಾಯಿತಿಯ ಹಿರಿಯಳಾದ ತಾರಾಬಾಯಿ ನಶ್ಯದ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕೂತಳು. ಕ್ಷೌರದವನು ತನ್ನ ಕುರ್ಚಿಯನ್ನೇ ಹೊತ್ತು ತಂದ, ಅದರಲ್ಲಿ ಶಾಲೆಯ ಮಾಸ್ತರರು ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದರು. ವಿರುಪಣ್ಣ ಉಳಿಗಳನ್ನು ಆಗಲೇ ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದ.

ಬಿಸಿಲೇರಿತು. ಎರಡು ಪಾತರಗಿತ್ತಿ ಸೀರೆಯ ಮೇಲೆ ಹಾದು ಹೋದವು, ಕೆಳಗೆ ನೋಡಲೂ ಇಲ್ಲ. ನೆರಳು ನಾಲ್ಕು ಬೆರಳಿಗೆ ಬಂತು, ಮೂರಕ್ಕೆ ಬಂತು. ನಾನು ಕಲ್ಲಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹಂಪವ್ವ ಮಾತ್ರ ಸೀರೆಯ ಕಡೆ ನೋಡುತ್ತಲೇ ಇರಲಿಲ್ಲ. ಕಟ್ಟೆಯ ಬಿರುಕಿನಿಂದ ಹೊರಟ ಇರುವೆಯೊಂದು ಸಕ್ಕರೆಯ ಹರಳನ್ನು ಹಿಮ್ಮುಖವಾಗಿ ಎಳೆಯುತ್ತಿದ್ದದ್ದನ್ನು ಬಗ್ಗಿ ನೋಡುತ್ತ ಪರೀಕ್ಷೆಯನ್ನೇ ಮರೆತುಬಿಟ್ಟಿದ್ದಳು. ಎರಡು ಬೆರಳು. ಆಗ ಒಂದು ಎಲೆ ಕತ್ತರಿಸುವ ಜೇನು ಬಂತು. ಸುತ್ತು ಹಾಕಲಿಲ್ಲ, ಅನುಮಾನಿಸಲಿಲ್ಲ. ಅರ್ಧಚಂದ್ರ ಕತ್ತರಿಸಿದಂತೆ ಹಂಪವ್ವ ಕೊರೆದಿದ್ದ ಎಲೆಯೊಂದರ ಅಂಚಿಗೆ ಕೂತು, ಅದರ ಪಕ್ಕದಲ್ಲೇ ಮುಂದಿನ ಅರ್ಧಚಂದ್ರವನ್ನು ಕತ್ತರಿಸಲು ಶುರುಮಾಡಿತು. ಬಟ್ಟೆ ಕತ್ತರಿಸುವ ಕರಕರ ಸದ್ದು ಇಡೀ ಊರಿಗೆ ಕೇಳಿತು. ಕತ್ತರಿಸಿದ ಚೂರನ್ನು ಹೊಟ್ಟೆಗೆ ಅವಚಿಕೊಂಡು ಅದು ಹಾರಿಹೋಯಿತು.

ಇದು ಕೂತದ್ದೋ, ಕದ್ದದ್ದೋ ಎಂದು ಯಾರೋ ಕೇಳಿದರು. ತಾರಾಬಾಯಿ ಕೈಯೆತ್ತಿ ಸುಮ್ಮನಿರಿ ಎಂದಳು. ಅಷ್ಟರಲ್ಲಿ ಬಂದವು. ಆ ಜೇನು ಹೋಗಿ ಯಾರಿಗೆ ಏನು ಹೇಳಿತೋ, ಎಲ್ಲ ಹಿತ್ತಿಲುಗಳಿಂದ, ಬೇಲಿಗಳಿಂದ, ಚರಂಡಿಗಳಿಂದ ಬಂದವು. ಜೀರುಂಡೆಗಳು ಧಪಧಪ ಬಿದ್ದವು. ಮಿಡತೆಗಳು ಜನರ ತಲೆಗಳ ಮೇಲೆ ಮೆಟ್ಟಿಲು ಮಾಡಿಕೊಂಡು ನೆಗೆದವು. ಕಂಬಳಿಹುಳಗಳು ನಡೆದು ಬಂದು ಹಗ್ಗ ಹತ್ತಿದವು. ಪಾತರಗಿತ್ತಿಗಳು ಒಂದರ ರೆಕ್ಕೆ ಇನ್ನೊಂದರ ಮೇಲೆ ಬರುವಂತೆ ಒತ್ತಿ ಕೂತವು. ಜನ ಇದು ನಮ್ಮ ಮನೆಯದು, ಅದು ನಿಮ್ಮದು ಎಂದು ಗುರುತು ಹಿಡಿಯತೊಡಗಿದರು, ಮಿಡತಿ ಮನೆಯವರಂತೂ ಎಲ್ಲವನ್ನೂ ತಮ್ಮವೇ ಎಂದರು. ಸೀರೆ ಕಾಣದಾಯಿತು. ಭಾರಕ್ಕೆ ಹಗ್ಗ ಬಾಗಿತು, ಬಾಗಿ ಬಾಗಿ ಕಿತ್ತುಹೋಯಿತು. ಹಗ್ಗ ಕಿತ್ತ ಗಾಬರಿಗೆ ಹುಳಗಳೆಲ್ಲ ಒಮ್ಮೆಗೇ ರೆಕ್ಕೆ ಬಿಚ್ಚಿದವು. ಆದರೆ ಒಂದೂ ಸೀರೆಯನ್ನು ಬಿಡಲಿಲ್ಲ. ಸೀರೆ ಮೇಲೆದ್ದಿತು.

ನೆರಳು ಇನ್ನೂ ಒಂದು ಬೆರಳಿತ್ತು. ಗಂಟೆ ಹೊಡೆಯುವವರೆಗೆ ನೋಟದವನು ಸೀರೆಯಿಂದ ಕಣ್ಣು ತೆಗೆಯುವಂತಿಲ್ಲ. ನಾನು ಓಡಿ ಹೋಗಿ ಇಳಿಬಿದ್ದ ಸೆರಗಿನ ತುದಿ ಹಿಡಿದೆ. ನನ್ನ ಎರಡೂ ಕಾಲು ನೆಲ ಬಿಟ್ಟವು. ಒಂದು ಗೇಣು ಎತ್ತರ ಎಂದು ಊರಿನವರು ಹೇಳುತ್ತಾರೆ. ನಾನು ಕ್ಷೌರದವನ ಕುರ್ಚಿಯ ಮೇಲಿಂದ ಹಾದು ಹೋದದ್ದನ್ನು ಮಾಸ್ತರರು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಸಂತೆಪೇಟೆಯ ಹತ್ತಿರ ಕೈ ಜಾರಿ ಬದನೆಕಾಯಿ ರಾಶಿಯ ಮೇಲೆ ಬಿದ್ದು, ಎದ್ದು, ಮತ್ತೆ ಓಡಿದೆ. ನನ್ನ ಪಕ್ಕದಲ್ಲಿ ಹಂಪವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಓಡುತ್ತಿದ್ದಳು, ಓಡುತ್ತ ನಗುತ್ತಿದ್ದಳು, ನಗುತ್ತ ಮೇಲೆ ನೋಡುತ್ತಿದ್ದಳು. ಹಿಂದೆ ಊರೆಲ್ಲ. ಅರ್ಧ ಗಡ್ಡದ ಮಾಸ್ತರರು, ಅವರ ಕೊರಳಿನ ಬಟ್ಟೆ ಹಿಡಿದುಕೊಂಡೇ ಕ್ಷೌರದವನು, ಎರಡು ಕೈಯಲ್ಲಿ ಉಳಿಗಳ ಕಟ್ಟು ಎತ್ತಿ ಹಿಡಿದ ವಿರುಪಣ್ಣ. ತಾರಾಬಾಯಿಯನ್ನು ತರಕಾರಿಯ ತಳ್ಳುಗಾಡಿಯಲ್ಲಿ ಕೂರಿಸಿ ನಾಲ್ಕು ಜನ ತಳ್ಳಿಕೊಂಡು ಬಂದರು. ಮೇಲೆ ಆ ಹಸಿರು ಸೀರೆ ತೆರೆಯಂತೆ ಏಳುತ್ತ ಬೀಳುತ್ತ, ಸಾವಿರ ರೆಕ್ಕೆಯ ಗುಂಯ್‌ಗುಟ್ಟುವಿಕೆಯಲ್ಲಿ ಮನೆಗಳ ಮಾಡು ಸವರುತ್ತ ಹೋಯಿತು.

ತೊಟ್ಟಿಬಯಲಿನಲ್ಲಿ ಅವು ಅದನ್ನು ಇಳಿಸಿದವು. ಅಗಸರು ಬಟ್ಟೆ ಒಣಹಾಕುವಷ್ಟು ಅಚ್ಚುಕಟ್ಟಾಗಿ ಕಾಡುಹಾಗಲದ ಪೊದೆಗಳ ಮೇಲೆ ಹರಡಿ, ಅದರ ಮೇಲೆಯೇ ಕೂತವು. ಸೀರೆ ಎಲ್ಲಿ ಮುಗಿಯಿತು, ಪೊದೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟವಾಯಿತು. ಎಲ್ಲರೂ ಏದುಸಿರು ಬಿಡುತ್ತ ನಿಂತರು. ತಾರಾಬಾಯಿ ಗಾಡಿಯಿಂದ ಇಳಿದು, ನಶ್ಯ ಏರಿಸಿ, ನೋಟದವನು ಸಾರಲಿ ಎಂದಳು. ಆಗ ವಿರುಪಣ್ಣ ಅಡ್ಡ ಬಂದ. ತಿರಕಪ್ಪನ ಮಾತು ನಡೆಯುವುದಿಲ್ಲ, ಈ ಇಬ್ಬರೂ ಹದಿನೈದು ದಿನ ಇದೇ ಪೊದೆಯಲ್ಲಿ ಬಿದ್ದುಕೊಂಡಿದ್ದರು, ಅವನು ಅವಳ ಪರ ಹೇಳದೆ ಇನ್ನೇನು ಹೇಳಿಯಾನು ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನಲ್ಲಿತ್ತು. ಅದನ್ನು ಒಳಗಿಟ್ಟುಕೊಂಡು ‘ಕುಂತೈತಿ’ ಎನ್ನಲು ನನ್ನ ಬಾಯಿ ಏಳಲಿಲ್ಲ.

“ಹೋದ ತಿಂಗಳು ಈಕಿ ಸೀರಿ ಮ್ಯಾಲ ನಾನ ಒಂದು ಹುಳ ಇಟ್ಟಿದ್ದೆ,” ಎಂದೆ. “ಈಕಿ ಅದನ್ನ ತಗದು ನನ್ನ ಕೈಯಾಗ ಕೊಟ್ಟಳು. ನನ್ನ ನೋಟ ಅವತ್ತ ಕೆಟ್ಟೈತಿ.”

ಅಂಥದ್ದು ಯಾವ ನೋಟದವನೂ ಮಾಡಿದ್ದಿಲ್ಲ. ತಾರಾಬಾಯಿ ನಶ್ಯದ ಡಬ್ಬಿ ಮುಚ್ಚಿ, ಇವತ್ತಿನಿಂದ ನೀನು ಆ ಕಲ್ಲಿನ ಮೇಲೆ ಕೂರುವಂತಿಲ್ಲ ಎಂದಳು. ನಾನು ತಲೆಯಾಡಿಸಿದೆ. ಅಳು ಬರಬೇಕಿತ್ತು. ಬದಲಿಗೆ ಹತ್ತೊಂಬತ್ತು ವರ್ಷ ಕಣ್ಣು ಪಿಳುಕಿಸದೆ ಕೂತಿದ್ದವನಿಗೆ ಪಿಳುಕಿಸಬಹುದು ಎಂದು ಅಪ್ಪಣೆ ಸಿಕ್ಕಂತಾಯಿತು.

“ಹಂಗಾರ ನನ್ನ ಸೀರಿ ನೋಡಿದವರು ಯಾರೂ ಇಲ್ಲೇನು?” ಎಂದಳು ಹಂಪವ್ವ. ದೊಡ್ಡ ದನಿಯಲ್ಲಿ ಕೇಳಲಿಲ್ಲ. ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು.

ಮಾಸ್ತರರು ಬೋಳಿಸದ ಕೆನ್ನೆಯನ್ನು ಕೈಯಿಂದ ಮುಚ್ಚಿಕೊಂಡು ಮುಂದೆ ಬಂದು, ನಾನು ನೋಡಿದೆ, ಕುಂತೈತಿ ಎಂದರು. ಕ್ಷೌರದವನು ಕುಂತೈತಿ ಎಂದ. ಬದನೆಕಾಯಿ ಮಾರುವವಳು, ಮೂರು ಕಣಜ ಕೂತದ್ದನ್ನು ನಾನೇ ಕಂಡೆ ಎಂದಳು. ವಿರುಪಣ್ಣನ ಸೊಸೆ ಮಾವನ ಎದುರೇ, ಎಲೆ ಕತ್ತರಿಸುವ ಜೇನು ಮೊದಲು ಎಲ್ಲಿ ಕೂತಿತು ಎಂದು ಬೆರಳಿಟ್ಟು ತೋರಿಸಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಕೂಗತೊಡಗಿದರು, ತಮ್ಮ ತಮ್ಮ ಹಿತ್ತಿಲಿನ ಹುಳದ ಹೆಸರು ಹೇಳಿ ಹೇಳಿ ಕುಂತೈತಿ ಕುಂತೈತಿ ಎಂದರು. ಆ ಗದ್ದಲದಲ್ಲಿ ವಿರುಪಣ್ಣ ನೆಲ ನೋಡುತ್ತ ನಿಂತಿದ್ದವನು, ತಂಗಿಯ ಬಳಿ ಹೋಗಿ ಉಳಿಗಳ ಕಟ್ಟನ್ನು ಅವಳ ಕೈಯಲ್ಲಿಟ್ಟ. ಅವಳು ಅದನ್ನು ಬಿಚ್ಚಿ ಅರ್ಧ ಉಳಿಗಳನ್ನು ಸೊಸೆಗೆ ಕೊಟ್ಟಳು. ಆ ದಿನ ಗಂಟೆ ಹೊಡೆಯುವವರೇ ಇಲ್ಲದ್ದರಿಂದ ಊರಿನಲ್ಲಿ ಮಧ್ಯಾಹ್ನವಾಗಲಿಲ್ಲ. ಸಂಜೆ ನಾಲ್ಕಕ್ಕೆ ಹಸಿವು ತಾಳದೆ ಎಲ್ಲರೂ ಊಟಕ್ಕೆ ಕೂತರು.

ಆ ಸೀರೆಯನ್ನು ತರಲು ಹಂಪವ್ವ ಒಪ್ಪಲಿಲ್ಲ. ಅದು ಅಲ್ಲೇ ಇದ್ದು, ತಿಂಗಳೊಪ್ಪತ್ತಿನಲ್ಲಿ ಹುಳಗಳು ಅದನ್ನು ಪೂರ್ತಿ ತಿಂದು ಮುಗಿಸಿದವು. ಎರಡನೆಯ ಸೀರೆಯನ್ನು ತಾರಾಬಾಯಿ ಉಟ್ಟಳು. ಉಟ್ಟು ಊರೆಲ್ಲ ಸುತ್ತಿದಳು, ಅವಳ ಬೆನ್ನ ಹಿಂದೆ ಯಾವಾಗಲೂ ಒಂದಷ್ಟು ಪಾತರಗಿತ್ತಿಗಳಿರುತ್ತಿದ್ದವು. ಮುಂದಿನ ಮದುವೆಗಳಲ್ಲಿ ಹುಳ ತಿಂದ ಎಲೆಯ ಸೀರೆಯೇ ಬೇಕೆಂದು ಮದುವಣಗಿತ್ತಿಯರು ಹಟ ಹಿಡಿದರು. ನನ್ನ ಜಾಗಕ್ಕೆ ಮೂವರನ್ನು ನೇಮಿಸಿದರು. ಒಬ್ಬರು ನೋಡಲು, ಇಬ್ಬರು ಆ ಒಬ್ಬರನ್ನು ನೋಡಲು.

ಈಗ ನಾನು ಹಂಪವ್ವನ ಉಳಿ ಮಸೆಯುತ್ತೇನೆ, ಸಾಗವಾನಿ ತಂದುಕೊಡುತ್ತೇನೆ, ಬಾಕಿ ಹೊತ್ತು ತೊಟ್ಟಿಬಯಲಿನಲ್ಲಿ ಅವಳ ಪಕ್ಕದಲ್ಲಿ ಬೋರಲಾಗಿ ಮಲಗಿರುತ್ತೇನೆ. ಹೋದ ವಾರ ಒಂದು ಗೆಣಸಿನ ಎಲೆಯ ಮೇಲೆ ಬಂಗಾರದ ಹುಳ ಬಂದು ಕೂತಿತು. ಕರಗಿಸಿದ ಚಿನ್ನದ ಹನಿಗೆ ಗಾಜಿನ ಮುಚ್ಚಳ ಹಾಕಿದಂತಿತ್ತು; ಅವಳು ಅದರ ಮೈಯ ಅಂಚನ್ನು ಕಾಗದದ ಮೇಲೆ ಇಳಿಸುತ್ತಿದ್ದಳು. ಬಿಸಿಲು ಅವಳ ಕಿವಿಯ ಹಿಂದೆ ಬಿದ್ದಿತ್ತು. ನಾನು ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಮಾತುಗಳನ್ನೆಲ್ಲ ಮರೆತು, ಇದ್ದಕ್ಕಿದ್ದಂತೆ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಬಿಟ್ಟೆ. ಅವಳು ತಲೆ ಎತ್ತಲಿಲ್ಲ. ಪೆನ್ಸಿಲ್ ಮಾತ್ರ ನಿಂತಿತು.

“ಅಲುಗಾಡಬ್ಯಾಡ್ರಿ,” ಎಂದು ಪಿಸುಗುಟ್ಟಿದಳು. “ಹ್ಞೂಂ ಅಂತ ಜೋರಾಗಿ ಅಂದ್ರ ಇದು ಹಾರಿ ಹೋಗ್ತೈತಿ.”